ಹಗ್ಗ ಹಿಡಿದವರಿಗೆಲ್ಲ ಪಾಲು

ಮಳೆಗಾಲ ಕಳೆದು ಕಡಲು ತಣ್ಣಗಾದ ಮೇಲೆ ಸುರತ್ಕಲ್‌ನ ಗುಡ್ಡೆಕೊಪ್ಲ, ದೊಡ್ಡಕೊಪ್ಲ, ಹೊಸಬೆಟ್ಟು, ಮುಕ್ಕ, ಸಸಿಹಿತ್ಲುಗಳ ಮರಳಿನ ಮೇಲೆ ಬೆಳಗ್ಗೆ ಹೆಜ್ಜೆ ಹಾಕಿದರೆ ಅದೃಷ್ಟವಿದ್ದ ದಿನ ಒಂದು ನೋಟ ಸಿಗುತ್ತದೆ. ನೀರಿನಿಂದ ಎದ್ದು ಬರುವ ಉದ್ದನೆಯ ಹಗ್ಗ, ಅದನ್ನು ಹಿಡಿದು ಹಿಮ್ಮುಖವಾಗಿ ನಡೆಯುವ ಒಂದು ಸಾಲು ಜನ. ಕೂಗಳತೆಯ ದೂರದಲ್ಲಿ ಇನ್ನೊಂದು ಹಗ್ಗ, ಇನ್ನೊಂದು ಸಾಲು. ಎರಡರ ನಡುವೆ ಕಡಲಿನಲ್ಲಿ ಬಿಲ್ಲಿನಂತೆ ಬಾಗಿ ನಿಂತ ಬಲೆ. ಕರಾವಳಿಯವರು ಇದನ್ನು ಕೈರಂಪಣಿ ಎನ್ನುತ್ತಾರೆ.

ಕೈರಂಪಣಿಗೆ ಬೇಕಾದದ್ದು ಒಂದು ದೋಣಿ, ಒಂದು ಬಲೆ, ಎರಡು ಹಗ್ಗ ಮತ್ತು ಊರಿನ ಜನ. ಅನುಭವಿಯೊಬ್ಬರು ದಡದಲ್ಲಿ ನಿಂತು ಕಡಲನ್ನು ಓದುತ್ತಾರೆ. ನೀರಿನ ಬಣ್ಣ ಒಂದು ಕಡೆ ಕಪ್ಪಾಯಿತೇ, ಹಕ್ಕಿಗಳು ಒಂದೇ ಜಾಗದಲ್ಲಿ ಎರಗುತ್ತಿವೆಯೇ ಎಂದು ನೋಡಿ ಮೀನಿನ ಹಿಂಡು ಎಲ್ಲಿದೆ ಎಂದು ಅಂದಾಜು ಮಾಡುತ್ತಾರೆ. ಹಗ್ಗದ ಒಂದು ತುದಿಯನ್ನು ದಡದಲ್ಲಿದ್ದವರ ಕೈಗೆ ಕೊಟ್ಟು ದೋಣಿ ಅಲೆ ದಾಟುತ್ತದೆ. ಹಿಂಡಿನ ಆಚೆಗೆ ಸುತ್ತು ಹಾಕುತ್ತ, ದಾರಿಯುದ್ದಕ್ಕೂ ಬಲೆ ಬಿಡುತ್ತ, ಇನ್ನೊಂದು ತುದಿಯನ್ನು ಹೊತ್ತು ಮತ್ತೊಂದು ಕಡೆಯಲ್ಲಿ ದಡ ಸೇರುತ್ತದೆ. ಅಲ್ಲಿಂದ ಮುಂದಿನದು ತೋಳಿನ ಕೆಲಸ.

ಎಳೆಯುವುದನ್ನು ಹತ್ತಿರದಿಂದ ನೋಡಬೇಕು. ಹಗ್ಗ ಹಿಡಿದವರು ಹಿಂದೆ ಹಿಂದೆ ಸರಿಯುತ್ತ ಮರಳಿನ ಮೇಲ್ಭಾಗ ತಲುಪುತ್ತಾರೆ. ಕೊನೆಯಲ್ಲಿದ್ದವರು ಅಲ್ಲಿ ಹಗ್ಗ ಬಿಟ್ಟು ನೀರಿನ ಅಂಚಿಗೆ ಓಡಿ ಬಂದು ಎಲ್ಲರಿಗಿಂತ ಮುಂದೆ ಹಿಡಿಯುತ್ತಾರೆ. ಹೀಗೆ ಈ ಸಾಲಿನಲ್ಲಿ ಹಿಂದಿದ್ದವರು ಮುಂದಾಗುತ್ತಾರೆ, ಮುಂದಿದ್ದವರು ಹಿಂದಾಗುತ್ತಾರೆ. ಐಲೇಸಾ ದನಿಯ ಲಯಕ್ಕೆ ಹೆಜ್ಜೆಗಳು ಕೂಡುತ್ತವೆ. ಬಲೆ ದಡಕ್ಕೆ ಸಮೀಪಿಸಿದಂತೆ ಎರಡು ಸಾಲುಗಳೂ ಒಂದನ್ನೊಂದು ಸಮೀಪಿಸುತ್ತವೆ. ಒಂದು ಕಡೆ ಜೋರು, ಇನ್ನೊಂದು ಕಡೆ ನಿಧಾನವಾದರೆ ಬಲೆ ವಾಲಿ ಮೀನು ತಪ್ಪಿಸಿಕೊಳ್ಳುತ್ತದೆ. ಕೊನೆಗೆ ಬಲೆಯ ನಡುಭಾಗ ಮರಳಿಗೆ ಬಂದಾಗ ಬೂತಾಯಿ, ಬಂಗುಡೆ, ಎಟ್ಟಿಗಳ ಬೆಳ್ಳಿ ಮಿಂಚು. ಮೇಲೆ ಗರುಡ, ಕಾಗೆಗಳ ಗದ್ದಲ. ಅಷ್ಟರಲ್ಲಿ ಬುಟ್ಟಿ ಹಿಡಿದ ಮಹಿಳೆಯರೂ ಮಕ್ಕಳೂ ಸುತ್ತ ನೆರೆದಿರುತ್ತಾರೆ.

ಆಮೇಲಿನದು ಪಾಲು. ದೋಣಿಗೆ, ಬಲೆಗೆ ಇಂತಿಷ್ಟು ಎಂದು ತೆಗೆದಿಟ್ಟ ಮೇಲೆ ಉಳಿದದ್ದು ಹಗ್ಗ ಹಿಡಿದವರಿಗೆ ಹಂಚಿಕೆಯಾಗುತ್ತದೆ. ಮೀನು ಬಿದ್ದರೆ ಎಲ್ಲರಿಗೂ ಬಿತ್ತು, ಬಲೆ ಬರಿದಾಗಿ ಬಂದರೆ ಎಲ್ಲರ ಕೈಯೂ ಬರಿದು. ಲಾಭದ ಜೊತೆಗೆ ನಷ್ಟವನ್ನೂ ಹಂಚಿಕೊಳ್ಳುವ ಈ ಕ್ರಮವೇ ಕೈರಂಪಣಿಯ ಜೀವ. ಮೀನುಗಾರಿಕೆಯ ಒಂದು ವಿಧಾನವನ್ನು ನಾನು ಸಂಸ್ಥೆ ಎಂದು ಕರೆಯುವುದೂ ಇದೇ ಕಾರಣಕ್ಕೆ.

ಇದರ ಹಿರಿಯಣ್ಣ ರಂಪಣಿ. ಹಲವು ತುಂಡುಗಳನ್ನು ಜೋಡಿಸಿ ಮಾಡಿದ ಆ ಬಲೆ ಒಂದು ಕಿಲೋಮೀಟರ್ ಆಸುಪಾಸು ಉದ್ದವಿರುತ್ತಿತ್ತು. ಎಳೆಯಲು 60ರಿಂದ 80 ಮಂದಿ ಬೇಕಾಗುತ್ತಿತ್ತು. ಒಂದು ರಂಪಣಿ ಎಂದರೆ ಮೀನುಗಾರರ ಒಂದು ಕೊಪ್ಲವೇ ಎಂಬ ಕಾಲವದು. 1970ರ ದಶಕದ ಮಧ್ಯಭಾಗದಲ್ಲಿ ಯಾಂತ್ರೀಕೃತ ಪರ್ಸೀನ್ ದೋಣಿಗಳು ಬಂದವು. ಬೂತಾಯಿ, ಬಂಗುಡೆಯ ಹಿಂಡುಗಳನ್ನು ಅವು ದಡಕ್ಕೆ ಬರುವ ಮೊದಲೇ ಸುತ್ತುವರಿದವು. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿಗಳು ದಡದಿಂದ ಮರೆಯಾದವು. ಗೋವಾದಲ್ಲಿ ಇದೇ ಬಲೆಯನ್ನು ನಂಬಿದ್ದ ರಂಪಣಕಾರರು ಆ ದಶಕದ ಕೊನೆಯಲ್ಲಿ ಬೀದಿಗಿಳಿದು ಹೋರಾಡಿದರು. ನಮ್ಮ ತೀರದಲ್ಲಿ ಉಳಿದದ್ದು ಚಿಕ್ಕ ತಮ್ಮ ಕೈರಂಪಣಿ.

ಹಗ್ಗ ಹಿಡಿದವರಿಗೆಲ್ಲ ಪಾಲು ಎಂಬ ನಿಯಮ ಮರಳಿನ ಮೇಲೆಯೇ ನಿಂತುಬಿಟ್ಟಿಲ್ಲ. ಮೀನುಗಾರ ಸಮುದಾಯವಾದ ಮೊಗವೀರರ ಪಟ್ಣಗಳಲ್ಲಿ ಮುಖಂಡರಾದ ಗುರಿಕಾರರಿದ್ದಾರೆ, ಊರಿನ ಸಭೆಯಿದೆ, ಭಜನಾ ಮಂದಿರವಿದೆ. ಮಂದಿರದ ಜಗಲಿಯಲ್ಲೇ ಊರಿನ ತಗಾದೆ ತೀರುತ್ತದೆ, ಮಕ್ಕಳ ಓದಿಗೆ ನೆರವು ಕೂಡುತ್ತದೆ, ಮದುವೆಗೂ ಸಾವಿಗೂ ಜನ ಸೇರುತ್ತಾರೆ. ನೂಲ ಹುಣ್ಣಿಮೆಯಂದು ಊರೆಲ್ಲ ಒಟ್ಟಾಗಿ ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿ ಸಮುದ್ರ ಪೂಜೆ ಮಾಡುತ್ತದೆ. ಬದುಕು ಅರಸಿ ಮುಂಬಯಿಗೆ ಹೋದವರು ಈ ಅಭ್ಯಾಸವನ್ನೂ ಜೊತೆಗೆ ಒಯ್ದರು. 1902ರಲ್ಲಿ ಅಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ ದುಡಿಯುವ ಹುಡುಗರಿಗೆ ರಾತ್ರಿಶಾಲೆ ನಡೆಸಿತು, ಇಂದಿಗೂ ಶಿಕ್ಷಣ ಸಂಸ್ಥೆಗಳನ್ನು ಮುನ್ನಡೆಸುತ್ತಿದೆ. ಉಚ್ಚಿಲದ ಮಹಾಲಕ್ಷ್ಮೀ ದೇವಸ್ಥಾನವನ್ನು ನಡೆಸುತ್ತಿರುವುದೂ ಸಮುದಾಯದ ಮಹಾಜನ ಸಂಘವೇ. ಹತ್ತು ಜನ ಕೈ ಹಾಕಿದರೆ ಭಾರ ಹಗುರ ಎಂಬುದು ಇವರಿಗೆ ಗಾದೆಯಲ್ಲ, ದಿನದ ಅನುಭವ.

ಸುರತ್ಕಲ್‌ಗೆ ಇಂಥ ಒಗ್ಗಟ್ಟಿನ ಅಗತ್ಯ ಬಿದ್ದ ಸಂದರ್ಭಗಳು ಕಡಿಮೆಯೇನಲ್ಲ. ನವಮಂಗಳೂರು ಬಂದರು ಕಟ್ಟುವಾಗ ಪಣಂಬೂರು, ಬೈಕಂಪಾಡಿ ಕಡೆಯ ಕುಟುಂಬಗಳು ನೆಲೆ ಬಿಟ್ಟು ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ಹೊಸದಾಗಿ ಊರು ಕಟ್ಟಿಕೊಂಡವು. ಬಂದರು 1975ರಲ್ಲಿ ಉದ್ಘಾಟನೆಯಾಯಿತು. ಇತ್ತೀಚಿನ ವರ್ಷಗಳಲ್ಲಿ, ಸುರತ್ಕಲ್ ಟೋಲ್‌ಗೇಟ್ ವಿರುದ್ಧ ಹಲವು ಸಂಘಟನೆಗಳು ಒಂದೇ ಹೋರಾಟ ಸಮಿತಿಯಡಿ ಸೇರಿ 2022ರ ಅಕ್ಟೋಬರ್ ಕೊನೆಯಿಂದ ಹಗಲು ರಾತ್ರಿ ಧರಣಿ ಕೂತವು. ಡಿಸೆಂಬರ್ 1ರಂದು ಅಲ್ಲಿ ಸುಂಕ ವಸೂಲಿ ನಿಂತಿತು. ಅಲ್ಲಿಯೂ ಹಗ್ಗ ಒಂದೇ, ಹಿಡಿದ ಕೈಗಳು ಹಲವು.

ಕೈರಂಪಣಿ ಇಂದು ಬಡಕಲಾಗಿದೆ. ಕಡಲ್ಕೊರೆತ ದಡವನ್ನು ನುಂಗುತ್ತಿದೆ. ತಡೆಗೋಡೆಗೆ ಕಲ್ಲು ಸುರಿದ ಕಡೆ ಬಲೆ ಎಳೆಯಲು ಮರಳೇ ಉಳಿಯುವುದಿಲ್ಲ. ಬೆಳಕು ಹಾಯಿಸಿ ಮೀನು ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲಿ ನಿಷೇಧಿಸಿದ ಮೇಲೂ ಸಾಂಪ್ರದಾಯಿಕ ಮೀನುಗಾರರು ಅದರ ವಿರುದ್ಧ ದನಿ ಎತ್ತುತ್ತಲೇ ಇರಬೇಕಾಗಿದೆ. ಓದಿದ ಮಕ್ಕಳು ಬೇರೆ ಕೆಲಸ ಹಿಡಿಯುತ್ತಾರೆ, ಅದು ತಪ್ಪೂ ಅಲ್ಲ. ಹಾಗಿದ್ದರೂ ರಜೆಯಲ್ಲಿ ಊರಿಗೆ ಬಂದವರು ಹಗ್ಗಕ್ಕೆ ಕೈ ಹಾಕಿದಾಗ ಹಿರಿಯರ ಮುಖ ಅರಳುವುದನ್ನು ನೋಡಿದ್ದೇನೆ.

ಸುರತ್ಕಲ್ ಬೀಚಿಗೆ ಸೂರ್ಯಾಸ್ತ ನೋಡಲು ಬರುವವರಲ್ಲಿ ನನ್ನದೊಂದು ವಿನಂತಿ. ಬಾಟಲಿ, ಪ್ಲಾಸ್ಟಿಕ್‌ಗಳನ್ನು ಮರಳಿನಲ್ಲಿ ಬಿಡಬೇಡಿ. ಹಗ್ಗ ಎಳೆಯುವವರು ಬರಿಗಾಲಲ್ಲಿ ನಡೆಯುತ್ತಾರೆ, ನೀವು ಎಸೆದ ಕಸ ಅವರ ಬಲೆಗೇ ಬೀಳುತ್ತದೆ. ಕೈರಂಪಣಿ ಕಂಡರೆ ದಾರಿ ಬಿಡಿ, ಮೀನು ಅಲ್ಲೇ ಕೊಳ್ಳಿ. ಆಗುವುದಾದರೆ ಕೇಳಿಕೊಂಡು ನಾಲ್ಕು ಹೆಜ್ಜೆ ಹಗ್ಗವನ್ನೂ ಎಳೆಯಿರಿ.