ನಿಮಗಿದು ಗೊತ್ತೆ? ವಯಸ್ಸಾದಂತೆ ಮನಸ್ಸು ಗಟ್ಟಿ!

ಮಳೆ ಕೈಕೊಟ್ಟರೂ, ತೊಗರಿ ದರ ಬಿದ್ದರೂ ಮೋರಟಗಿ ಊರಿನ ಕಟ್ಟೆ ಮೇಲಿನ ಹಿರಿಯರು ಕಂಗೆಡದಿದ್ದರೆ ಅಚ್ಚರಿಪಡಬೇಡಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಲಾರಾ ಕಾರ್ಸ್ಟೆನ್ಸನ್ ಅವರ ತಂಡ 2020ರ ಏಪ್ರಿಲ್‌ನಲ್ಲಿ, ಕೊರೊನಾ ಭೀತಿಯ ನಡುವೆಯೇ, 18ರಿಂದ 76 ವರ್ಷದ 945 ಅಮೆರಿಕನ್ನರ ಸಮೀಕ್ಷೆ ನಡೆಸಿತು. ಅಪಾಯ ಹೆಚ್ಚಿದ್ದದ್ದು ಹಿರಿಯರಿಗೆ. ನೆಮ್ಮದಿ ಹೆಚ್ಚಿದ್ದದ್ದೂ ಅವರಿಗೇ! ಉಳಿದ ಕಾಲ ಕಡಿಮೆ ಅನ್ನಿಸಿದಾಗ ಮನಸ್ಸು ಬೇಡದ ಜಗಳ ಬಿಟ್ಟು ಬೇಕಾದವರನ್ನು ಹಚ್ಚಿಕೊಳ್ಳುತ್ತದೆ ಎಂಬುದು ಕಾರ್ಸ್ಟೆನ್ಸನ್ ಅವರ ಹಳೆಯ ವಾದ.

ಹೀಗೆ ಮನಸ್ಸು ತಿಳಿಯಾಗುವುದು ಬೇರೆ, ಸಿಟ್ಟು ನುಂಗಿಕೊಳ್ಳುವುದು ಬೇರೆ. ಮುಖದಲ್ಲಿ ತೋರಿಸದೆ ಅದುಮಿಟ್ಟರೆ ಒಳಗಿನ ಭಾವ ಇಳಿಯದು, ದೇಹದ ಒತ್ತಡ ಏರುತ್ತದೆ.

ವಯಸ್ಸಾದಂತೆ ನೆಮ್ಮದಿ ಹೆಚ್ಚುವುದೇ ಸಹಜ ಎಂದ ಮೇಲೆ, ಮನೆಯ ಅಜ್ಜ, ಅಜ್ಜಿ ಮಾತು ಬಿಟ್ಟು ಮಂಕಾಗಿದ್ದರೆ ‘ವಯಸ್ಸಾಯ್ತು’ ಎಂದು ಸುಮ್ಮನಾಗಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.