ಸ್ನೇಹ ಕ್ಲಿನಿಕ್‌ಗೆ ಹೋದರೆ ಮನೆಗೆ ಗೊತ್ತಾಗುತ್ತಾ?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೇರಿ ಒಂದು ವಿಧಾನಸಭಾ ಕ್ಷೇತ್ರ. ಇಲ್ಲಿ ಆರೋಗ್ಯದ ರಾಜಕಾರಣ ಅಂದರೆ ಮೊದಲು ನೆನಪಾಗೋದು ಶೃಂಗೇರಿಯ 100 ಹಾಸಿಗೆ ಆಸ್ಪತ್ರೆಯ ಬೇಡಿಕೆ. ನ್ಯಾಯವಾದ ಬೇಡಿಕೆಯೇ. ಆದರೆ ಪಿಯುಸಿ ಓದುವ 16ರ ಹುಡುಗಿಗೆ ಹಾಸಿಗೆಗಿಂತ ಮೊದಲು ಬೇಕಾದ್ದು, ಬಾಗಿಲು ಹಾಕಿಕೊಂಡು ಮಾತಾಡಬಹುದಾದ ಒಂದು ಕೋಣೆ ಅನ್ನೋದು ನನ್ನ ವಾದ.

ಕಾಗದದ ಮೇಲೆ ಅದು ಇದೆ. 2014ರ ಜನವರಿಯಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 10ರಿಂದ 19 ವರ್ಷದವರಿಗಾಗಿಯೇ ಇರುವಂಥದ್ದು. ಅದರಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಕೇಂದ್ರಗಳಿಗೆ ನಮ್ಮ ರಾಜ್ಯದಲ್ಲಿ ‘ಸ್ನೇಹ ಕ್ಲಿನಿಕ್’ ಅಂತ ಹೆಸರು. ಮುಟ್ಟಿನ ಏರುಪೇರು, ಗರ್ಭನಿರೋಧಕ, ಊಟದ ಸಮಸ್ಯೆ, ಮನಸ್ಸಿನ ತಳಮಳ, ಎಲ್ಲವನ್ನೂ ಅಲ್ಲಿ ಕೇಳಬಹುದು.

ಹಾಗಿದ್ದೂ ಹೆದರಿಕೆ ಯಾಕೆ? ಸಣ್ಣ ಊರಲ್ಲಿ ಚೀಟಿ ಬರೆಯುವವರಿಂದ ಹಿಡಿದು ಬಸ್ ಕಂಡಕ್ಟರ್‌ವರೆಗೆ ಎಲ್ಲರಿಗೂ ‘ಇವಳು ಯಾರ ಮನೆ ಹುಡುಗಿ’ ಅಂತ ಗೊತ್ತಿರುತ್ತೆ. ಕೊಪ್ಪದ ಸಹಕಾರ ಸಾರಿಗೆ 2020ರಲ್ಲಿ ನಿಂತ ಮೇಲೆ ಹಳ್ಳಿಗಳ ಬಸ್ಸೂ ಕಡಿಮೆಯಾಯ್ತು. ಇದರ ಜೊತೆಗೆ ಕಾನೂನಿನ ಭಯ ಬೇರೆ.

ಕಾನೂನು ಏನು ಹೇಳುತ್ತೆ?

18ರೊಳಗಿನವರ ಜೊತೆ ಲೈಂಗಿಕ ಸಂಪರ್ಕ, ಇಬ್ಬರ ಒಪ್ಪಿಗೆ ಇದ್ದರೂ, 2012ರ ಪೋಕ್ಸೊ ಕಾಯ್ದೆಯಡಿ ಅಪರಾಧ. ಸೆಕ್ಷನ್ 19ರ ಪ್ರಕಾರ, ವಿಷಯ ತಿಳಿದ ವೈದ್ಯರು ಪೊಲೀಸರಿಗೆ ಹೇಳಲೇಬೇಕು. ಹೇಳದಿದ್ದರೆ 6 ತಿಂಗಳವರೆಗೆ ಜೈಲು ಅಥವಾ ದಂಡ. ಅಪ್ರಾಪ್ತೆಯ ಗರ್ಭಪಾತಕ್ಕೆ ಪೋಷಕರ ಲಿಖಿತ ಒಪ್ಪಿಗೆಯೂ ಬೇಕು. ಆದರೆ 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಒಂದು ದಾರಿ ತೋರಿಸಿತು: ಗರ್ಭಪಾತಕ್ಕೆ ಬಂದ ಹುಡುಗಿ ಮತ್ತು ಪೋಷಕರು ಕೋರಿದರೆ, ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ವೈದ್ಯರು ಅವಳ ಹೆಸರು, ಗುರುತು ಹೇಳಬೇಕಿಲ್ಲ.

ಇನ್ನೊಂದು ಮಾತು ಸ್ಪಷ್ಟವಾಗಿರಲಿ. ಮುಟ್ಟು ತಪ್ಪುವುದು, ಪಿಸಿಒಡಿ, ಊಟ ಬಿಡುವುದು ಇವ್ಯಾವುವೂ ತಾವಾಗಿಯೇ ಪೊಲೀಸ್ ಕೇಸ್ ಅಲ್ಲ.

‘ರಕ್ತ ಕಡಿಮೆ’ ಅಷ್ಟೇನಾ?

ಹುಡುಗಿ ಸೊರಗಿದರೆ ನಮ್ಮಲ್ಲಿ ಸಿಗುವ ಉತ್ತರ ‘ರಕ್ತ ಕಡಿಮೆ’. ಅದು ನಿಜವೂ ಇರಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15–19ರ ಹುಡುಗಿಯರಲ್ಲಿ 59.1% ಮಂದಿಗೆ ರಕ್ತಹೀನತೆ ಇದೆ. ಆದರೆ ದಪ್ಪ ಆಗ್ತೀನಿ ಅನ್ನೋ ಭಯಕ್ಕೆ ಊಟ ಬಿಡುವುದು, ತಿಂದು ಬೇಕಂತಲೇ ವಾಂತಿ ಮಾಡುವುದು ಬೇರೆಯದೇ ಕಾಯಿಲೆ. ತೂಕ ತೀರಾ ಇಳಿದರೆ ಮುಟ್ಟು ನಿಲ್ಲಬಹುದು. ಪದೇ ಪದೇ ವಾಂತಿಯಾದರೆ ಪೊಟ್ಯಾಶಿಯಂ ಕುಸಿದು ಹೃದಯದ ಬಡಿತವೇ ತಪ್ಪಬಹುದು. ಹುಡುಗರಿಗೂ ಇದು ಬರುತ್ತೆ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಕಬ್ಬಿಣದ ಮಾತ್ರೆ ಇದಕ್ಕೆ ಮದ್ದಲ್ಲ. ವೈದ್ಯರು, ಮನೋವೈದ್ಯರು ಇಬ್ಬರೂ ಬೇಕು. ಮೊದಲ ಹೆಜ್ಜೆಗೆ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

2023ರಲ್ಲಿ ಈ ಕ್ಷೇತ್ರದ ಫಲಿತಾಂಶ ಘೋಷಣೆಯಾಗಿದ್ದು ಬರೀ 201 ಮತಗಳ ಅಂತರದಲ್ಲಿ. ಅಂದರೆ ಒಂದು ಕಾಲೇಜಿನ ಮಕ್ಕಳು ಮನಸ್ಸು ಮಾಡಿದರೂ ಲೆಕ್ಕ ಬದಲಾಗುತ್ತೆ. ವೋಟು ಕೇಳೋಕೆ ಬಂದವರನ್ನು ಕೇಳಿ: ನಮ್ಮ ತಾಲ್ಲೂಕಿನ ಸ್ನೇಹ ಕ್ಲಿನಿಕ್ ಯಾವ ದಿನ ತೆರೆದಿರುತ್ತೆ? ಆಪ್ತಸಮಾಲೋಚಕರು ಇದ್ದಾರಾ? ಆ ಕೋಣೆಗೆ ಬಾಗಿಲಿದೆಯಾ?