ಅಂಗೈಯಗಲದ ಖಾತೆವಹಿ

ಉದಗೀರದ ಮೊಂಢಾದಲ್ಲಿ, ಎಂದರೆ ಮರಾಠವಾಡದವರು ಧಾನ್ಯದ ಪೇಟೆಗೆ ಆ ಹೆಸರಿಟ್ಟು ಕರೆಯುವ ವಿಶಾಲವಾದ ಅಂಗಳದಲ್ಲಿ, ತೊಗರಿಯ ಸುಗ್ಗಿ ಬಂದಿತೆಂದರೆ ಬೆಳಗಿನಿಂದಲೇ ಬಂಡಿಗಳೂ ಟೆಂಪೋಗಳೂ ಸಾಲುಗಟ್ಟಿ, ಚೀಲಗಳ ಬಾಯಿ ಬಿಚ್ಚಿ ಕಾಳು ರಾಶಿಯಾಗಿ, ರಾಶಿಯ ಸುತ್ತ ಖರೀದಿದಾರರೂ ಹಮಾಲರೂ ರೈತರೂ ನೆರೆದು ಲಿಲಾವು ಪ್ರಾರಂಭವಾಗುವ ಹೊತ್ತಿಗೆ, ಅಡತಿ ಅಂಗಡಿಯ ಯಜಮಾನನಾದವನು ಒಂದೇ ಕಾಲಕ್ಕೆ ತಲೆಯಲ್ಲಿ ಧರಿಸಬೇಕಾದ ಸಂಗತಿಗಳೆಷ್ಟೆಂಬುದನ್ನು ಆ ವ್ಯವಹಾರದ ಪರಿಚಯವಿಲ್ಲದವರು ಊಹಿಸಲಾರರು. ಯಾವ ಊರಿನ ಯಾರ ಮಾಲು ಎಷ್ಟು ಚೀಲ ಬಂದಿದೆ, ಬಿತ್ತನೆಯ ಸಮಯಕ್ಕೆ ಅವನು ಕೊಂಡೊಯ್ದ ಉಚಲು, ಎಂದರೆ ಮುಂಗಡ, ಎಷ್ಟು, ಹಮಾಲಿ ಎಷ್ಟು, ತೂಕದ ಕೂಲಿ ಎಷ್ಟು, ಅದೆಲ್ಲವನ್ನೂ ಕಳೆದು ಅವನ ಕೈಗೆ ಬರೆದುಕೊಡಬೇಕಾದ ಪಟ್ಟಿಯ ಮೊತ್ತವೆಷ್ಟು ಎಂಬ ಲೆಕ್ಕದೊಡನೆ, ಇವನೊಡನೆ ಕನ್ನಡ, ಅವನೊಡನೆ ಮರಾಠಿ, ಹೈದರಾಬಾದಿನ ದಲಾಲನೊಡನೆ ಉರ್ದು ಎಂಬ ಭಾಷಾವಿವೇಕವೂ ಅವನಿಗೆ ಇರಬೇಕು. ಇಂತಹ ಮನುಷ್ಯನಿಗೆ ಕಿಸೆಯಲ್ಲಿ ಇಟ್ಟುಕೊಳ್ಳಬಹುದಾದ ಒಂದು ಜ್ಞಾಪಕಸಾಧನ ಅಲಂಕಾರದ ವಸ್ತುವಲ್ಲ. ಅದಿಲ್ಲದೆ ಅವನ ಬಾಳು ನಡೆಯದು.

ನನ್ನ ಸೋದರಮಾವಂದಿರು ಅಂತಹ ಅಡತಿ ಅಂಗಡಿಯೊಂದನ್ನು ಬಹುಕಾಲ ನಡೆಸಿದವರು. ಅವರ ನಿಲುವಂಗಿಯ ಪಕ್ಕದ ಕಿಸೆಯಲ್ಲಿ ಕೆಂಪು ಬಟ್ಟೆಯ ರಟ್ಟಿನ, ಉದ್ದುದ್ದಕ್ಕೆ ಮಡಿಸಬಹುದಾದ ಸಣ್ಣ ಚೋಪಡಿಯೊಂದು ಸದಾ ಇರುತ್ತಿದ್ದಿತು. ದೊಡ್ಡ ಖಾತೆವಹಿ ಗಾದಿಯ ಮೇಲಿರುವುದು, ದೀಪಾವಳಿಯಲ್ಲಿ ಅರಿಸಿನ ಕುಂಕುಮ ಹಚ್ಚಿಸಿಕೊಂಡು ಪೂಜೆಗೊಳ್ಳುವುದು. ಚೋಪಡಿಗಾದರೋ ಪೂಜೆಯಿಲ್ಲ, ಆದರೆ ದಿನದ ನಿಜವಾದ ವ್ಯವಹಾರವೆಲ್ಲ ಮೊದಲು ಅಲ್ಲಿಯೇ ಬರೆಯಲ್ಪಟ್ಟು, ರಾತ್ರಿ ದೀಪ ಹಚ್ಚಿದ ಬಳಿಕ ದೊಡ್ಡ ವಹಿಗೆ ಏರುತ್ತಿದ್ದಿತು. ಅದರಲ್ಲಿ ಅಂಕಿಗಳು ಮರಾಠಿಯವು, ಹೆಸರುಗಳು ಕೆಲವು ಮರಾಠಿ ಕೆಲವು ಕನ್ನಡ. ಅವರ ತಂದೆಯವರ ಕಾಲದ ಚೋಪಡಿಗಳಲ್ಲಿ ಮೋಡಿ ಲಿಪಿಯೂ, ಕಚೇರಿಯ ಕೆಲಸಕ್ಕೆ ಸಂಬಂಧಿಸಿದಲ್ಲಿ ಉರ್ದುವೂ ಇದ್ದವು. ಒಂದೇ ಪುಟದಲ್ಲಿ ಮೂರು ಲಿಪಿಗಳು ನೆರೆಹೊರೆಯವರಂತೆ ಕುಳಿತಿರುವುದನ್ನು ನಾನು ಬಾಲ್ಯದಲ್ಲಿ ಕಂಡೆನು. ಅದು ವಿಶೇಷವೆಂದು ಆಗ ನನಗೆ ತೋರಿರಲಿಲ್ಲ.

ಈ ಮೂರು ಲಿಪಿಗಳ ಹಿಂದೆ ಒಂದು ಚರಿತ್ರೆಯಿದೆ. ಉದಗೀರ, ನಿಲಂಗಾ ತಾಲೂಕುಗಳು ನಿಜಾಮರ ರಾಜ್ಯದಲ್ಲಿ ಬೀದರ ಜಿಲ್ಲೆಗೆ ಸೇರಿದ್ದವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ ಮೈಸೂರು ರಾಜ್ಯಕ್ಕೆ ಬಂದಾಗ ಉದಗೀರ, ನಿಲಂಗಾ, ಅಹ್ಮದಪುರಗಳು ಅದರಿಂದ ಬೇರ್ಪಟ್ಟು ಮುಂಬಯಿ ರಾಜ್ಯಕ್ಕೂ, 1960ರಲ್ಲಿ ಮಹಾರಾಷ್ಟ್ರಕ್ಕೂ ಸಂದು, 1982ರಲ್ಲಿ ಲಾತೂರ ಜಿಲ್ಲೆಯಾದಾಗ ಅದರ ಭಾಗವಾದವು. ಉಮರ್ಗಾ ಇಂದಿನ ಧಾರಾಶಿವ ಜಿಲ್ಲೆಯದು, ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯ ಮೇಲಿರುವುದು. ಗಡಿರೇಖೆ ಬದಲಾಯಿತಾದರೂ ಬೀಗತನ ಬದಲಾಗಲಿಲ್ಲ, ಮನೆಯೊಳಗಿನ ಕನ್ನಡವೂ ಬದಲಾಗಲಿಲ್ಲ. ಮಕ್ಕಳು ಮರಾಠಿ ಶಾಲೆಗೆ ಹೋದರು, ಅಜ್ಜಿಯರು ಕನ್ನಡದಲ್ಲಿ ವಚನ ಹೇಳುತ್ತಿದ್ದರು.

ತೊಂಬತ್ತರ ದಶಕದಲ್ಲಿ ಈ ಸೀಮೆಗೆ ‘ಡಿಜಿಟಲ್ ಡೈರಿ’ ಎಂಬ ವಸ್ತು ಬಂದಿತು. ಅದರ ವಂಶ ಹಿಂದಿನದು. 1984ರಲ್ಲಿ ಇಂಗ್ಲೆಂಡಿನ ಸಿಯಾನ್ ಕಂಪನಿಯು ‘ಆರ್ಗನೈಸರ್’ ಎಂಬ ಅಂಗೈಯಂತ್ರವನ್ನು ಹೊರತಂದಿತು. ಬಳಿಕ ಜಪಾನಿನ ಶಾರ್ಪ್, ಕ್ಯಾಸಿಯೋ ಕಂಪನಿಗಳವರು ಪುಸ್ತಕದಂತೆ ಮಡಿಸಬಹುದಾದ, ವಿಳಾಸ, ದೂರವಾಣಿ ಸಂಖ್ಯೆ, ದಿನಚರಿಗಳನ್ನು ನೆನಪಿಡುವ ಯಂತ್ರಗಳನ್ನು ಮಾಡಿ ಲೋಕದ ಪೇಟೆಗಳಿಗೆಲ್ಲ ಕಳುಹಿಸಿದರು. ನಿಲಂಗಾದಲ್ಲಿ ನನ್ನ ಪರಿಚಿತರಾದ ವಿಮಾ ಏಜೆಂಟರೊಬ್ಬರು ಇಂತಹದೊಂದನ್ನು ಕೊಂಡು, ಯಾರ ಕಂತು ಯಾವ ತಾರೀಖಿಗೆ ಬರುವುದೆಂಬುದನ್ನೆಲ್ಲ ಅದರಲ್ಲಿ ತುಂಬಿ, ಬೆಳಗಾಗುತ್ತಲೇ ಅದು ಕೀಚೆಂದು ಕೂಗಿದೊಡನೆ ಸೈಕಲ್ಲೇರಿ ಹೊರಡುತ್ತಿದ್ದರು. ಅವರಿಗೆ ಅದು ಉತ್ತಮವಾಗಿ ಒದಗಿತು, ಏಕೆಂದರೆ ಅವರ ಕೆಲಸವೆಲ್ಲ ತಾರೀಖಿನದು, ಅಂಕಿಯದು. ಅಂಕಿಗೆ ತಾಯಿನುಡಿಯ ಅಗತ್ಯ ಅಷ್ಟಾಗಿ ಇಲ್ಲ.

ಮಾವಂದಿರಿಗೆ ಹಾಗೆ ಒದಗಲಿಲ್ಲ. ಅವರ ಮಗ ಹೈದರಾಬಾದಿನಿಂದ ಒಂದು ಡೈರಿಯನ್ನು ತಂದುಕೊಟ್ಟು, ಎರಡು ದಿನ ಕುಳಿತು ಸುಮಾರು ಮುನ್ನೂರು ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ತುಂಬಿಸಿದನು. ಮಾವಂದಿರು ಕನ್ನಡಕವನ್ನು ಹಣೆಗೇರಿಸಿ ಅದನ್ನು ತಿರುಗಿಸಿ ನೋಡಿ, “ಇದಕ್ಕ ಕನ್ನಡ ಬರಲ್ಲೇನಪಾ?” ಎಂದು ಕೇಳಿದರು. “ಇಲ್ರೀ ಅಪ್ಪಾ, ಮರಾಠೀನೂ ಬರಲ್ಲ” ಎಂದನು ಮಗ. ಕೊರತೆ ಕೇವಲ ಅಭಿಮಾನದ್ದಾಗಿರಲಿಲ್ಲ, ವ್ಯವಹಾರದ್ದೇ ಆಗಿದ್ದಿತು. ಕನ್ನಡಕ್ಕೂ ಮರಾಠಿಗೂ ಸಮಾನವಾದ ಳಕಾರ ಆ ಯಂತ್ರಕ್ಕೆ ತಿಳಿಯದು. ಕಾಳಪ್ಪನು ಕಾಲಪ್ಪನಾದನು, ಹಳ್ಳಿ ಹಲ್ಲಿಯಾಯಿತು. ಒಂದೇ ಹೆಸರಿನ ನಾಲ್ವರು ನಾಲ್ಕು ಊರುಗಳಲ್ಲಿ ಇರುವಲ್ಲಿ, ಚೋಪಡಿಯಲ್ಲಿ ‘ಬಾವಿಹೊಲದವ’, ‘ಕೆಂಪು ರುಮಾಲಿನವ’ ಎಂದು ಕನ್ನಡದಲ್ಲಿ ಗುರುತು ಬರೆದಿಡುತ್ತಿದ್ದ ಅವರಿಗೆ, ಆ ಗುರುತನ್ನು ಪರಭಾಷೆಯ ಅಕ್ಷರಗಳಲ್ಲಿ ಹುಡುಕಿ ಓದುವಷ್ಟರಲ್ಲಿ ಲಿಲಾವು ಮುಗಿದುಹೋಗುತ್ತಿದ್ದಿತು. ಕೊನೆಗೊಂದು ದಿನ ಸೆಲ್ಲು ಬದಲಿಸುವಾಗ, ನೆನಪನ್ನು ಕಾಯುವ ಸೆಲ್ಲನ್ನೂ ಮುಖ್ಯ ಸೆಲ್ಲನ್ನೂ ಒಟ್ಟಿಗೆ ತೆಗೆದರೆಂಬ ಕಾರಣದಿಂದ ಮುನ್ನೂರು ಹೆಸರುಗಳೂ ಕ್ಷಣಾರ್ಧದಲ್ಲಿ ಅಳಿದುಹೋದವು. ಮಾವಂದಿರು ಏನನ್ನೂ ಹೇಳದೆ ಪೇಟೆಗೆ ಹೋಗಿ ಹೊಸ ಚೋಪಡಿಯನ್ನು ತಂದರು.

ಉಮರ್ಗಾದಲ್ಲಿ ಬಟ್ಟೆಯ ಅಂಗಡಿಯಿದ್ದ ಕಿರಿಯ ಮಾವನವರ ಅನುಭವವನ್ನು ಇಲ್ಲಿ ಹೇಳದೆ ಮುಂದುವರಿಯಲು ನನ್ನಿಂದಾಗದು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿಯನ್ನು ವಿಸರ್ಜಿಸಿ ದಣಿದ ಜನ ಮಲಗಿದ್ದಾಗ, ಕಿಲ್ಲಾರಿಯ ಸುತ್ತಣ ನೆಲ ಕಂಪಿಸಿ, ಕಲ್ಲುಮಣ್ಣಿನ ಗೋಡೆಗಳೂ ಮಣ್ಣಿನ ಭಾರದ ಮಾಳಿಗೆಗಳೂ ಕುಸಿದು, ಸಾಸ್ತೂರು ಮೊದಲಾದ ಊರುಗಳು ನೆಲಸಮವಾಗಿ, ಸಾವಿರಾರು ಜನ ಮಡಿದರು. ಕಿರಿಯ ಮಾವನವರ ಉದ್ರಿ ಚೋಪಡಿಯಲ್ಲಿ ಆ ಊರುಗಳ ಅನೇಕ ಮನೆತನಗಳ ಹೆಸರುಗಳಿದ್ದವು. ಅವರು ಹೆಸರಿನ ಮುಂದಿನ ಬಾಕಿಯನ್ನು ಮಾತ್ರ ಗೆರೆಯೆಳೆದು ಹೊಡೆದುಹಾಕಿ, ಹೆಸರನ್ನು ಹೊಡೆಯದೆ ಹಾಗೆಯೇ ಉಳಿಸಿದರು. ಮುಂದೆ ಅವರ ಕೈಗೂ ಒಂದು ಡಿಜಿಟಲ್ ಡೈರಿ ಬಂದಾಗ ಅವರು ಮೊದಲು ಕೇಳಿದ್ದು, ಇದರಲ್ಲಿ ಬಾಕಿಯನ್ನು ಅಳಿಸಿದರೆ ಹೆಸರು ಉಳಿಯುವುದೋ ಇಲ್ಲವೋ ಎಂಬುದನ್ನು. ಅಂಗಡಿಯ ಹುಡುಗನು ಅಳಿಸುವ ಗುಂಡಿಯನ್ನು ಒತ್ತಿ ತೋರಿಸಿದನು, ಸಾಲಿಗೆ ಸಾಲೇ ಹೋಯಿತು. ಅವರು ಅದನ್ನು ಕೊಳ್ಳಲಿಲ್ಲ.

ಇದೇ ಕಾಲಕ್ಕೆ ಅಮೆರಿಕೆಯಲ್ಲಿ ಅಂಗೈಯಂತ್ರದ ಕಲ್ಪನೆ ಮತ್ತೊಂದು ಹೆಜ್ಜೆಯನ್ನಿಟ್ಟಿದ್ದಿತು. 1996ರಲ್ಲಿ ಹೊರಬಂದ ಪಾಮ್ ಪೈಲಟ್ಟನ್ನು ರೂಪಿಸಿದ ಜೆಫ್ ಹಾಕಿನ್ಸ್ ಎಂಬವರು, ಯಂತ್ರವನ್ನು ಕಟ್ಟುವ ಮುನ್ನ ಅಂಗಿಯ ಕಿಸೆಯಳತೆಗೆ ಒಂದು ಮರದ ತುಂಡನ್ನು ಕೊಯ್ದು, ಅದನ್ನೇ ಯಂತ್ರವೆಂದು ಭಾವಿಸಿ ಸಭೆಗಳಲ್ಲಿ ಹೊರತೆಗೆದು ಬರೆಯುವಂತೆ ಅಭ್ಯಾಸ ಮಾಡಿ, ಎಷ್ಟು ಗಾತ್ರ ಕೈಗೊಪ್ಪುವುದು, ಏನು ಬೇಕು, ಏನು ಬೇಡವೆಂಬುದನ್ನು ಕಂಡುಕೊಂಡರು. ಶಿಲ್ಪಿಯೊಬ್ಬನ ಶ್ರದ್ಧೆ ಇದರಲ್ಲಿದೆಯೆಂದು ನಾನು ಬಗೆಯುತ್ತೇನೆ. ಆದರೆ ಆ ಯಂತ್ರವು ಒಡೆಯನ ಕೈಬರಹವನ್ನು ಇದ್ದಂತೆ ಓದಲಾರದು. ಯಂತ್ರಕ್ಕೆ ತಿಳಿಯುವಂತೆ ಅಕ್ಷರಗಳನ್ನು ಸರಳಗೊಳಿಸಿ ಬರೆಯಲು ಒಡೆಯನೇ ಕಲಿಯಬೇಕಾಗಿದ್ದಿತು. ಇಪ್ಪತ್ತಾರು ಅಕ್ಷರಗಳ ಜನ ಅದನ್ನು ಕೆಲವೇ ದಿನಗಳಲ್ಲಿ ಕಲಿತರು. ಒತ್ತಕ್ಷರಗಳ, ಗುಣಿತಾಕ್ಷರಗಳ ನಮ್ಮ ಲಿಪಿಗೆ ಅಲ್ಲಿ ಎಡೆಯೇ ಇರಲಿಲ್ಲ.

ಈ ಎಡೆಯನ್ನು ಮಾಡಿಕೊಡಬೇಕೆಂದು ಹೊರಟವರು ಬೆಂಗಳೂರಿನವರು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಎಂಬ ಪ್ರಾಧ್ಯಾಪಕರೂ, ಎನ್ಕೋರ್ ಕಂಪನಿಯ ವಿನಯ್ ದೇಶಪಾಂಡೆ ಮೊದಲಾದವರೂ ಕೂಡಿ, 1998ರಲ್ಲಿ ಬೆಂಗಳೂರಿನಲ್ಲಿ ನಡೆದ ವಿಚಾರಗೋಷ್ಠಿಯೊಂದರಲ್ಲಿ ಮೊಳೆತ ಆಲೋಚನೆಯನ್ನು ಬೆಳೆಸಿ, ಸಿಂಪ್ಯೂಟರ್ ಟ್ರಸ್ಟ್ ಎಂಬುದನ್ನು ಸ್ಥಾಪಿಸಿ, 2001ರ ಏಪ್ರಿಲ್‌ನಲ್ಲಿ ‘ಸಿಂಪ್ಯೂಟರ್’ ಎಂಬ ಅಂಗೈಗಣಕವನ್ನು ಲೋಕಕ್ಕೆ ತೋರಿಸಿದರು. ಸರಳವಾದ, ಅಗ್ಗವಾದ, ಬಹುಭಾಷೆಯ ಜನರ ಗಣಕ ಎಂಬುದು ಆ ಹೆಸರಿನ ಭಾವಾರ್ಥ. ಸುಮಾರು 9,000 ರೂಪಾಯಿಗಳಿಗೆ ದೊರೆಯಬೇಕೆಂಬುದು ಗುರಿ. ಯಂತ್ರದ ಒಳರಚನೆಯ ವಿನ್ಯಾಸವನ್ನು ಬಚ್ಚಿಡದೆ, ಯಾರಾದರೂ ಪಡೆದು ಕಟ್ಟಬಹುದಾದಂತೆ ಪರವಾನಗಿಯ ಮೂಲಕ ತೆರೆದಿಟ್ಟರು. ಲಿನಕ್ಸ್ ತಂತ್ರಾಂಶ, ಬರೆಯಲೊಂದು ಕಡ್ಡಿ, ಮುಟ್ಟಿದರೆ ತಿಳಿಯುವ ಪರದೆ ಅದರ ಅಂಗಗಳು.

ಆದರೆ ಅದರ ಹೃದಯವಿದ್ದುದು ಬೇರೆರಡು ಸಂಗತಿಗಳಲ್ಲಿ. ಮೊದಲನೆಯದು ‘ಧ್ವನಿ’ ಎಂಬ ತಂತ್ರಾಂಶ. ಕನ್ನಡ, ಹಿಂದಿ ಮುಂತಾದ ನುಡಿಗಳಲ್ಲಿ ಬರೆದುದನ್ನು ಅದು ಗಟ್ಟಿಯಾಗಿ ಓದಿ ಹೇಳುತ್ತಿದ್ದಿತು. ಅಕ್ಷರ ಬಾರದವನಿಗೂ ಯಂತ್ರ ಉಪಯುಕ್ತವಾಗಬೇಕೆಂಬುದು ಅವರ ಸಂಕಲ್ಪ. ಎರಡನೆಯದು ಸ್ಮಾರ್ಟ್ ಕಾರ್ಡು. ಬಡ ರೈತನೊಬ್ಬನು ಯಂತ್ರವನ್ನು ಕೊಳ್ಳಲಾರನೆಂಬುದನ್ನರಿತು, ಯಂತ್ರ ಊರಿಗೆ ಒಂದಿರಲಿ, ಪ್ರತಿಯೊಬ್ಬನಿಗೂ ತನ್ನದೇ ಆದ ಸಣ್ಣ ಕಾರ್ಡೊಂದಿರಲಿ, ಅದನ್ನು ತೂರಿಸಿದಾಗ ಯಂತ್ರ ಆ ಹೊತ್ತಿಗೆ ಅವನದೇ ಆಗಲಿ ಎಂದು ಏರ್ಪಡಿಸಿದ್ದರು. ಊರ ಬಾವಿಯೊಂದಕ್ಕೆ ಮನೆಮನೆಯವರೂ ತಮ್ಮ ತಮ್ಮ ಕೊಡವನ್ನು ತರುವಂತಹ ಈ ವ್ಯವಸ್ಥೆ, ಆ ಕಾಲದ ಯಂತ್ರಗಳಲ್ಲಿ ಬೇರೆಲ್ಲಿಯೂ ನಾನು ಕಾಣದ ಔದಾರ್ಯ.

2004ರಲ್ಲಿ ಆ ಪ್ರಾಧ್ಯಾಪಕರ ಪಿಕೋಪೆಟಾ ಕಂಪನಿಯೂ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೂ ಸೇರಿ ‘ಅಮಿಡ’ ಎಂಬ ಸಿಂಪ್ಯೂಟರನ್ನು ಪೇಟೆಗೆ ತಂದವು. ಆ ವರ್ಷವೇ ಬೆಂಗಳೂರಿನಲ್ಲಿ ಸ್ನೇಹಿತರೊಬ್ಬರ ಬಳಿ ನಾನು ಅದನ್ನು ಕೈಯಲ್ಲಿ ಹಿಡಿದು ನೋಡಿದೆನು. ಕೈಯನ್ನು ಇತ್ತ ಬಾಗಿಸಿದರೆ ಪುಟ ತಿರುಗುವುದು. ಇಂದು ಮಕ್ಕಳಿಗೂ ಸಹಜವಾಗಿರುವ ಈ ಚಮತ್ಕಾರ ಅಂದು ಬೇರೆ ಅಂಗೈಯಂತ್ರಗಳಲ್ಲಿ ಅತಿ ವಿರಳ. ಪರದೆಯ ಮೇಲೆ ಕಡ್ಡಿಯಿಂದ ನನ್ನ ಕೈಬರಹದಲ್ಲಿಯೇ ‘ಬಾವಿಹೊಲದವ’ ಎಂದು ಬರೆದೆನು. ಬರೆದಂತೆಯೇ ನಿಂತಿತು. ಮಾವಂದಿರಿಗೆ ಇದನ್ನು ತೋರಿಸಬೇಕೆಂದು ಆ ಕ್ಷಣದಲ್ಲಿ ಎನಿಸಿತು.

ಕೆಲಸಗಳಲ್ಲಿ ಸಿಂಪ್ಯೂಟರಿನ ಬಳಕೆಯೂ ಆಯಿತು. ಕರ್ನಾಟಕ ಸರ್ಕಾರವು ಭೂದಾಖಲೆಗಳ ಕಾರ್ಯದಲ್ಲಿ ಅದನ್ನು ಉಪಯೋಗಿಸಿತು. ಗಡಿಯ ಜನರಿಗೆ ಇದರ ಮಹತ್ವ ವಿಶೇಷವಾಗಿ ತಿಳಿಯುವುದು, ಏಕೆಂದರೆ ಅವರಲ್ಲಿ ಹಲವರಿಗೆ ಈಚೆ ಒಂದು ಹೊಲ, ಆಚೆ ಒಂದು ಹೊಲ. ಹಿಂದೆ ಉದಗೀರದ ಹೊಲಕ್ಕೆ ತಲಾಠಿಯಿಂದ ‘ಸಾತಬಾರಾ’ ಉತಾರೆಯನ್ನೂ, ಕರ್ನಾಟಕದ ಭಾಲ್ಕಿಯ ಹೊಲಕ್ಕೆ ಗ್ರಾಮಲೆಕ್ಕಿಗರಿಂದ ಪಹಣಿಯನ್ನೂ ಪಡೆಯಬೇಕಾಗಿದ್ದಿತು. ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಕನ್ನಡದಲ್ಲಿ ಗಣಕಕ್ಕೇರಿದಾಗ, ಭಾಲ್ಕಿಯಲ್ಲಿ ಮುದ್ರಿತವಾದ ಪಹಣಿಯನ್ನು ಪಡೆದ ನನ್ನ ಬಂಧುವೊಬ್ಬರು ಅದನ್ನು ಗಾಜಿನ ಕಟ್ಟಿನೊಳಗೆ ಇಟ್ಟರು.

ಇಷ್ಟಾಗಿಯೂ ಸಿಂಪ್ಯೂಟರ್ ಬಾಳಲಿಲ್ಲ. 50,000 ಮಾರಾಟವಾಗಬಹುದೆಂದು ಎಣಿಸಿದ್ದವರಿಗೆ 2005ರ ವೇಳೆಗೆ ಕಂಡದ್ದು ಸುಮಾರು 4,000. ಅಮಿಡದ ಬೆಲೆ 10,000ದ ಆಸುಪಾಸಿನಿಂದ ಮೊದಲಾಗುತ್ತಿದ್ದಿತು. ಅಷ್ಟರಲ್ಲಿ ಕಡಿಮೆ ಬೆಲೆಯ ಮೊಬೈಲು ಹಳ್ಳಿ ಹಳ್ಳಿಗೆ ಬಂದಿದ್ದಿತು. ಅದು ಕನ್ನಡ ಓದುತ್ತಿರಲಿಲ್ಲ, ಆದರೆ ಮಗಳ ದನಿಯನ್ನು ತಂದು ಕಿವಿಗಿಡುತ್ತಿದ್ದಿತು. ಜನರು ಯಾವುದನ್ನು ಆಯ್ದರೆಂಬುದರಲ್ಲಿ ಆಶ್ಚರ್ಯವಿಲ್ಲ. ಆದರೂ ಯಂತ್ರವೊಂದು ಮಾರಾಟವಾಗಲಿಲ್ಲವೆಂದ ಮಾತ್ರಕ್ಕೆ ಅದು ಕೇಳಿದ ಪ್ರಶ್ನೆಯೂ ಸೋತಿತೆಂದು ಹೇಳುವವರ ಮಾತಿಗೆ ನನ್ನ ಸಮ್ಮತಿಯಿಲ್ಲ.

ಇಂದು ಅಂಗೈಯಂತ್ರವಿಲ್ಲದ ಕಾಯಕವೇ ಈ ಸೀಮೆಯಲ್ಲಿ ವಿರಳ. ನಿಲಂಗಾದಿಂದ ಹೊರಡುವ ಬಸ್ಸಿನ ಕಂಡಕ್ಟರನು ಟಿಕೇಟಿನ ಪೆಟ್ಟಿಗೆಯನ್ನು ಬಿಟ್ಟು ಕೊರಳಿಗೆ ಯಂತ್ರವನ್ನು ತೂಗುಹಾಕಿದ್ದಾನೆ. ವಿದ್ಯುತ್ತಿನ ಬಿಲ್ಲು, ಪಡಿತರದ ಅಂಗಡಿ, ಎಲ್ಲವೂ ಅಂಗೈಯಲ್ಲಿವೆ. ಮಹಾರಾಷ್ಟ್ರದಲ್ಲಿ 2021ರ ಆಗಸ್ಟ್ 15ರಿಂದ ‘ಈ-ಪೀಕ್ ಪಾಹಣಿ’ ಎಂಬ ಏರ್ಪಾಡಿನಲ್ಲಿ ರೈತನೇ ತನ್ನ ಹೊಲದಲ್ಲಿ ನಿಂತು ಬೆಳೆಯ ಚಿತ್ರ ತೆಗೆದು ದಾಖಲಿಸಬಹುದಾಗಿದೆ. ಗಡಿಯಾಚೆ ಕರ್ನಾಟಕದಲ್ಲಿಯೂ ಬೆಳೆ ಸಮೀಕ್ಷೆಯ ಆ್ಯಪು ಇದೆ. ಎರಡೂ ಕಡೆ ಹೊಲವಿರುವವನ ಮೊಬೈಲಿನಲ್ಲಿ ಎರಡೂ ಇರುತ್ತವೆ, ಒಂದು ಮರಾಠಿಯಲ್ಲಿ, ಒಂದು ಕನ್ನಡದಲ್ಲಿ. ಅಜ್ಜನ ಚೋಪಡಿಯ ಪುಟ ಹೀಗೆಯೇ ಇದ್ದಿತು.

2017ರಲ್ಲಿ ಗೂಗಲ್ ಕಂಪನಿಯು ಮಾತನಾಡಿದರೆ ಬರೆದುಕೊಳ್ಳುವ ಸೌಕರ್ಯವನ್ನು ಒಮ್ಮೆಗೇ ಎಂಟು ಭಾರತೀಯ ಭಾಷೆಗಳಿಗೆ ವಿಸ್ತರಿಸಿದಾಗ, ಆ ಎಂಟರಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಇದ್ದವು. ಉದಗೀರದ ಮೊಂಢಾಕ್ಕೆಂದೇ ಆರಿಸಿದರೋ ಎಂಬಂತೆ ನನಗೆ ಅದು ತೋರಿತು. ಕಳೆದ ಸುಗ್ಗಿಯಲ್ಲಿ ನಾನು ಹೋಗಿದ್ದಾಗ ಮಾವಂದಿರ ಮೊಮ್ಮಗ ಗಾದಿಯ ಮೇಲೆ ಕುಳಿತಿದ್ದನು. ಗಿರಾಕಿಯ ಗುರುತನ್ನು ಅವನು ಮೊಬೈಲಿಗೆ ಬಾಯಿಂದಲೇ ಹೇಳುತ್ತಿದ್ದನು. ಮುಪ್ಪಿನಿಂದ ಬಾಗಿದ ಮಾವಂದಿರು ಪಕ್ಕದ ಲೋಡಿಗೆ ಒರಗಿ ಕುಳಿತು ಅದನ್ನೇ ನೋಡುತ್ತಿದ್ದು, “ಕಾಳಪ್ಪಾ ಅಂತನ್ನು ನೋಡಮಾ” ಎಂದರು. ಹುಡುಗನು ಹೇಳಿದನು. ಮಾವಂದಿರು ಮೊಬೈಲನ್ನು ಕೈಗೆ ತೆಗೆದುಕೊಂಡು, ಕನ್ನಡಕವನ್ನು ಹಣೆಗೇರಿಸಿ, ಪರದೆಯನ್ನು ಕಣ್ಣಿನ ಬಳಿಗೆ ತಂದು ಬಹಳ ಹೊತ್ತು ನೋಡಿ, “ಳ ಬಂದದ” ಎಂದರು.